ಭಾವನವರ ಬಾಯಲ್ಲಿ ಬಂದ ರೇಡಿಯೋ

ಹಾಸನದ ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ, ಭಾವನವರಿದ್ದರು. ಪುರಸಭೆಯವರು ಪಾರ್ಕಿನ ಗೋಡೆಗೆ ಕಹಳೆಯಂಥದೊಂದು ಸ್ಪೀಕರು ಕಟ್ಟಿಸಿದ್ದರು. ಬೈಗಿನ ಹೊತ್ತು ಅದರಲ್ಲಿ ಮೈಸೂರಿನ ರೇಡಿಯೋ ಮಾತಾಡುತ್ತಿತ್ತು. ಗಂಡಸರು ಅಂಗಡಿ ಬಾಗಿಲೆಳೆದು ಅಲ್ಲಿ ಹೋಗಿ ಕೂರುತ್ತಿದ್ದರು. ಹೆಂಗಸರಿಗೆಂದೇ ವಾರಕ್ಕೊಮ್ಮೆ ಒಂದು ಕಾರ್ಯಕ್ರಮ ಬರುತ್ತಿತ್ತಂತೆ. ಬರುತ್ತಿದ್ದುದು ನಾವು ದೀಪ ಹಚ್ಚಿ ಒಲೆಗೆ ಸೌದೆ ಒಡ್ಡುವ ಹೊತ್ತಿಗೆ. ಹಾಗಾಗಿ ಅದನ್ನು ಕೇಳುತ್ತಿದ್ದವರೂ ಗಂಡಸರೇ, ಕಡಲೆಕಾಯಿ ಸುಲಿಯುತ್ತ.

ಭಾವನವರು ಅದನ್ನು ಹಾಗೇ ಹೊತ್ತು ತರುತ್ತಿದ್ದರು. ಊಟಕ್ಕೆ ಕೂತು, ಮೊದಲ ತುತ್ತು ನುಂಗಿ, ಗಂಟಲು ಸಣ್ಣ ಮಾಡಿ "ನಮಸ್ಕಾರ ಸೋದರಿಯರೇ" ಎಂದು ಶುರು ಮಾಡಿದರೆ ಬಾಗಿಲ ಹಿಂದೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಅಕ್ಕ ಎಂದರೆ ನನ್ನ ಓರಗಿತ್ತಿ. ಭಾವನವರು ನನ್ನ ಯಜಮಾನರ ಹಿರಿಯಣ್ಣ, ಅಕ್ಕ ತೀರಿಹೋದ ನಡುವಿನ ಅಣ್ಣನ ಹೆಂಡತಿ. ನಾನು ಮದುವೆಯಾಗಿ ಹೊಳೆನರಸೀಪುರದಿಂದ ಬರುವ ಹೊತ್ತಿಗೇ ಅವರ ಕುಂಕುಮ ಹೋಗಿತ್ತು, ಹಣೆಯಲ್ಲಿ ವಿಭೂತಿ ಮಾತ್ರ ಇತ್ತು. ಭಾವನವರ ಹೆಂಡತಿಯೂ ತೀರಿಹೋಗಿದ್ದರು. ಅವರ ತಬ್ಬಲಿ ಮಗಳನ್ನು ಎತ್ತಿ ಬೆಳೆಸಿದವರು ಅಕ್ಕನೇ.

ಅಕ್ಕ ಭಾವನವರೊಂದಿಗೆ ನೇರ ಮಾತಾಡಿದ್ದನ್ನು ನಾನು ನೋಡಿರಲಿಲ್ಲ. ಏನಿದ್ದರೂ ಹುಡುಗಿಯ ಮೂಲಕ. "ಮಗ, ನಿಮ್ಮಪ್ಪನ್ನ ಕೇಳು, ಆ ಅಮ್ಮ ಇನ್ನೇನಂದ್ರು ಅಂತ."

"ಬಿಸ್ಕತ್ತು ಮಾಡೋದು ಏಳುದ್ಲು ಕಣವ್ವ. ರವೆ, ತುಪ್ಪ, ಒಂದ್ ಇಡಿ ಸೋಡ."

ಹಿಡಿಯಷ್ಟೇ ಹಾಕಿ ಮಾಡಿದೆವು. ಬಾಯಿಗಿಡಲಾಗದೆ ಹಸುವಿಗೆ ಹಾಕಿದರೆ ಅದೂ ಮೂಸಿ ಮುಖ ತಿರುಗಿಸಿತು. ಅಕ್ಕ ಕೊಟ್ಟಿಗೆಯಲ್ಲೇ ಕೂತು ನಕ್ಕರು. ಅವರು ಹಾಗೆ ನಗುತ್ತಿದ್ದುದು ಆ ರೇಡಿಯೋ ವಿಷಯಕ್ಕೊಂದೇ.

ನಾನು ಬಸುರಿಯಾಗಿದ್ದಾಗ ಒಂದು ಸಂಜೆ ಅಕ್ಕನೊಂದಿಗೆ ಜಟಕಾದಲ್ಲಿ ಆಸ್ಪತ್ರೆಯಿಂದ ಬರುತ್ತಿದ್ದೆ. ಪಾರ್ಕಿನ ಹತ್ತಿರ ಜಟಕಾದವನು ಕುದುರೆ ನಿಲ್ಲಿಸಿದ. "ಒಸಿ ತಡೀರವ್ವ, ಯುದ್ಧದ ಸುದ್ದಿ ಬತ್ತದೆ." ಬಂದದ್ದು ಯುದ್ಧವಲ್ಲ, ಒಬ್ಬ ಹೆಂಗಸಿನ ದನಿ. ಸಣ್ಣದೂ ಅಲ್ಲ, ರಾಗವೂ ಇಲ್ಲ. ಪಾಠ ಹೇಳುವ ಮೇಡಮ್ಮಿನ ಹಾಗೆ ನಿಧಾನ. ನಮ್ಮ ಸಂಸ್ಥಾನದ ಕಾಯಿದೆಯ ಪ್ರಕಾರ, ಕೂಡುಕುಟುಂಬ ಭಾಗವಾಗುವಾಗ ಗಂಡ ಸತ್ತವಳಿಗೂ ಪಾಲಿದೆ, ಕೇಳಿ ಪಡೆಯಿರಿ ಎಂದು ಆಕೆ ಹೇಳುತ್ತಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಇಂಗ್ಲಿಷು, ಕಸೂತಿ, ಚಮಚ ಹಿಡಿಯುವ ರೀತಿ ಎಲ್ಲ ಕಲಿಸಿದ್ದರು. ಇದು ಯಾರ ಬಾಯಿಂದಲೂ ಬಂದಿರಲಿಲ್ಲ.

ಪಾರ್ಕಿನಲ್ಲಿ ಯಾರೋ "ಲೇ, ಮನೇಲಿ ಏಳ್ಬುಟ್ಟೀಯ ಕಣ್ಲಾ" ಎಂದರು. ಎಲ್ಲರೂ ನಕ್ಕರು. ಜಟಕಾದ ಪರದೆಯ ಸಂದಿನಿಂದ ಭಾವನವರ ಬೆನ್ನು ಕಾಣುತ್ತಿತ್ತು. ಅವರು ನಗಲಿಲ್ಲ, ಕಡಲೆಕಾಯಿಯ ಕಾಗದವನ್ನು ಮಡಿಸಿ ಮಡಿಸಿ ಚಿಕ್ಕದು ಮಾಡುತ್ತಿದ್ದರು. ಅಕ್ಕನ ಕೈ ನನ್ನ ಕೈಮೇಲಿತ್ತು.

ಊಟಕ್ಕೆ ಕೂತಾಗ ಹುಡುಗಿಯೇ ಕೇಳಿದಳು. "ಅಪ್ಪಾ, ಇವತ್ತೇನಂದ್ರು?"

"ನಮಸ್ಕಾರ ಸೋದರಿಯರೇ" ಎಂದರು ಭಾವನವರು. "ಉಪ್ಪಿನಕಾಯಿಗೆ ಬೂಷ್ಟು ಇಡೀದಂಗೆ ನೋಡ್ಕಳಾದು ಎಂಗೆ ಅಂತ ಏಳುದ್ಲು." ಅಕ್ಕ ಸಾರು ಬಡಿಸಿದರು.

ಅಣ್ಣತಮ್ಮಂದಿರಲ್ಲಿ ಭಾಗದ ಮಾತು ಆಗಲೇ ನಡೆದಿತ್ತು: ಅಂಗಡಿ, ಮನೆ, ದುದ್ದದ ತೆಂಗಿನ ತೋಟ. ಅಕ್ಕನ ಪಾಲಿನ ಮಾತು ಎತ್ತಿ ಎಂದು ನಾನು ನಮ್ಮ ಯಜಮಾನರಿಗೆ ಹೇಳಿದೆ. ಅವರು "ಅಣ್ಣಯ್ಯನ ಎದುರು ನಾನೆಂಗೆ ಎತ್ಲಿ?" ಎಂದರು. ಅಕ್ಕ ಚನ್ನರಾಯಪಟ್ಟಣದ ತವರಿಗೆ ಹೇಳಿ ಕಳಿಸಿದರು. ಅವರ ಅಣ್ಣ ಬರಲಿಲ್ಲ. ಒಂದು ಗೊನೆ ಬಾಳೆಹಣ್ಣು ಬಂತು.

ಹಿರಿಯರು ಪಡಸಾಲೆಯಲ್ಲಿ ಸೇರಿದ ದಿನ ಅಕ್ಕ ಬಾಗಿಲ ಹಿಂದಿನಿಂದ ಈಚೆ ಬಂದು ಕಂಬದ ಪಕ್ಕ ನಿಂತರು.

"ಭಾವ," ಎಂದರು. ಹುಡುಗಿಯ ಮೂಲಕ ಅಲ್ಲ. "ಅವತ್ತು ಆ ಅಮ್ಮ ಏಳಿದ್ದು ಉಪ್ಪಿನಕಾಯಿ ಅಲ್ಲ. ನಮ್ಮಂತೋರ್ಗೂ ಪಾಲೈತೆ ಅಂದ್ರು. ಜಟಕಾದಾಗೆ ಕೂತು ನಾನೂ ಕೇಳಿಸ್ಕಂಡೆ. ತ್ವಾಟದಾಗೆ ನಂದು ನಂಗೆ ಕೊಡಿ."

ಭಾವನವರು ತಲೆ ಎತ್ತಲಿಲ್ಲ. "ಪಾರ್ಕಿನ ಗ್ವಾಡೆ ಮಾತು ಕೇಳ್ಕಂಡು ಮನೆ ಒಡಿತೀಯಾ ತಾಯಿ? ನಿಂಗೆ ಅನ್ನಕ್ಕೆ ಕಮ್ಮಿ ಮಾಡಿದ್ನಾ?"

ಒಬ್ಬ ಮುದುಕರು ಎಲೆಯಡಿಕೆ ಪಕ್ಕಕ್ಕೊತ್ತಿ ಹೇಳಿದರು. "ಕೋಲ್ಟು ಕಚೇರಿ ಅಂದ್ರೆ ಅರಕಲಗೂಡಿನೋರು ಇಂದಕ್ಕೆ ಓಯ್ತಾರೆ ಕಣವ್ವ. ಮದ್ವೆ ನಿಂತೋದ್ರೆ ರೇಡಿಯೋ ಬಂದು ಮಾಡ್ತದಾ?"

ಹುಡುಗಿಗೆ ಅರಕಲಗೂಡಿನಲ್ಲಿ ಸಂಬಂಧ ನಿಶ್ಚಯವಾಗಿತ್ತು. ಅವಳು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಲಂಗದ ನೆರಿಗೆ ಹಿಡಿದು ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಅಕ್ಕ ತಿರುಗಿ ಅವಳನ್ನು ಕಂಡರು. ಆಮೇಲೆ ಹಿರಿಯರ ಮುಂದೆ ಕೂತರು.

ಪಾಲು ಬೇಡವೆಂಬ ಪತ್ರಕ್ಕೆ ಹೆಬ್ಬೆಟ್ಟಿನ ಮಸಿ ಮುಂದಿಟ್ಟಾಗ "ರುಜು ಆಕ್ತೀನಿ" ಎಂದರು. ಒಲೆ ಬೂದಿ ಹರಡಿ ಅವರ ಹೆಸರು ಬರೆಯಲು ಕಲಿಸಿದವಳು ನಾನು. ಒಂದೊಂದೇ ಅಕ್ಷರ ಕೂರಿಸಿ ಬರೆದರು. ಒತ್ತಕ್ಷರ ಕೂಡ ತಪ್ಪಲಿಲ್ಲ.

ಮದುವೆ ಚೆನ್ನಾಗಿಯೇ ನಡೆಯಿತು. ಮನೆಯ ನಡುವೆ ಗೋಡೆ ಎದ್ದಿತು. ಅಕ್ಕ ಭಾವನವರ ಕಡೆಯಲ್ಲಿ ಉಳಿದರು, ಅಡಿಗೆ ಅವರದೇ. ಭಾವನವರು ಪಾರ್ಕಿಗೆ ಹೋಗುವುದನ್ನು ಬಿಡಲಿಲ್ಲ, ಆದರೆ ಊಟಕ್ಕೆ ಕೂತರೆ ಮಾತಿಲ್ಲ. "ಸಾರು ಬುಡು" ಎನ್ನುವುದೊಂದೇ ಗೋಡೆಯಾಚೆಗೂ ಕೇಳುತ್ತಿತ್ತು. ಅಕ್ಕ ಅವರೊಂದಿಗೆ ಮತ್ತೆ ನೇರ ಮಾತಾಡಲಿಲ್ಲ. ನಡುವೆ ಮಾತು ದಾಟಿಸಲು ಹುಡುಗಿಯೂ ಇರಲಿಲ್ಲ.

ಯುದ್ಧ ಮುಗಿದ ಮೇಲೆ ನಮ್ಮ ಯಜಮಾನರು ಬ್ಯಾಟರಿಯ ರೇಡಿಯೋ ಒಂದನ್ನು ತಂದರು. ಅದಕ್ಕೆ ನಾನು ಕಸೂತಿ ಹಾಕಿದ ಬಟ್ಟೆ ಹೊದಿಸಿದೆ. ಹೆಂಗಸರ ಕಾರ್ಯಕ್ರಮದ ದಿನ ಬೇಗ ಅಡಿಗೆ ಮುಗಿಸಿ ಹಿತ್ತಲಿಗೆ ಹೋಗಿ ಅಕ್ಕನನ್ನು ಕರೆದೆ. ಅವರು ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು.

"ಬನ್ನಿ ಅಕ್ಕ, ಈಗ ನಮ್ಮನೇಲೇ ಕೂತು ಕೇಳಬಹುದು."

"ನಂದು ಅವತ್ತೇ ಕೇಳಿ ಆಯ್ತು ಕಣವ್ವ," ಎಂದರು. "ನೀ ಕೇಳೋಗು." ಮೊರ ಎತ್ತಿಕೊಂಡು ಬಾವಿಯ ಆಚೆಗೆ ಹೋಗಿ ಕೂತರು.

ನಾನು ಒಬ್ಬಳೇ ಬಂದು ತಿರುಪು ತಿರುಗಿಸಿದೆ. ಗೊರಗೊರ ಸದ್ದಿನ ನಡುವೆ ಒಬ್ಬರು ಮೆಲ್ಲಗೆ ಮಾತಾಡುತ್ತಿದ್ದರು. ಉಪ್ಪಿನಕಾಯಿಯ ಜಾಡಿಯನ್ನು ಬಿಸಿಲಿಗಿಟ್ಟು ಒಣಗಿಸಬೇಕಂತೆ, ಒದ್ದೆ ಸೌಟು ಹಾಕಬಾರದಂತೆ.