ನಿಂಗಮ್ಮಕ್ಕ ಮತ್ತು ಜೆರುಸಲೇಮಿನ ರಾಣಿ

ನಿಂಗಮ್ಮಕ್ಕನಿಗೆ ಓದು ಬರುತ್ತಿರಲಿಲ್ಲ. ಆದರೂ ಎಂಟುನೂರು ಚಿಲ್ಲರೆ ವರ್ಷದ ಹಿಂದೆ ಜೆರುಸಲೇಮನ್ನು ಆಳಿದ ಮೆಲಿಸೆಂಡ್ ರಾಣಿಯ ಗಂಡ ಹೇಗೆ ಸತ್ತ ಎಂಬುದು ಮೈಸೂರಿನಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

“ಮೊಲ ಕಣವ್ವ, ಮೊಲ! ಧರ್ಮಯುದ್ಧ ಮಾಡ್ತೀನಿ ಅಂತ ಸಮುದ್ರ ದಾಟ್ಕಂಡ್ ಬಂದ ಗಂಡ್ಸು, ಒಂದ್ ಮೊಲ ಅಟ್ಟಿಸ್ಕಂಡ್ ಓಗಿ ಕುದ್ರೆ ಮ್ಯಾಲಿಂದ ಬಿದ್ದು ಸತ್ತ. ಮೊಲ ಏನಾಯ್ತು ಅಂತ ಸಾರ್ ಯೋಳ್ನಿಲ್ಲ. ಚೆನ್ನಾಗೇ ಇರ್ತದೆ ಬುಡು.”

ನಾನು ಬಿ.ಎ. ಓದಿದ ಖಾಸಗಿ ಕಾಲೇಜಿನಲ್ಲಿ ಅವಳು ಇತಿಹಾಸ ವಿಭಾಗದ ಅಟೆಂಡರ್. ಬೀಗ ತೆಗೆಯುವುದು, ಕುಡಿಯುವ ನೀರು ತುಂಬಿಸುವುದು, ಪಾಠಕ್ಕೆ ತಕ್ಕ ಬಟ್ಟೆಯ ನಕ್ಷೆ ತಂದು ಗೋಡೆಗೆ ತೂಗುಹಾಕುವುದು, ಆಮೇಲೆ ಬಾಗಿಲಾಚೆ ಸ್ಟೂಲಿನ ಮೇಲೆ ಕೂರುವುದು. ವಿಭಾಗಕ್ಕೊಂದು ಪ್ರೊಜೆಕ್ಟರ್ ಕೂಡ ಇತ್ತು. ಆಯುಧಪೂಜೆಗೆ ಅದಕ್ಕೆ ತಪ್ಪದೆ ಕುಂಕುಮ ಹಚ್ಚುತ್ತಿದ್ದರು. ಅದಕ್ಕಿದ್ದ ಕೆಲಸ ಅಷ್ಟೇ.

ಒಳಗೆ ಪಾಠ ಮಾಡುತ್ತಿದ್ದವರು ಪ್ರೊಫೆಸರ್ ಶೇಷಾದ್ರಿ. ಅಗ್ರಹಾರದವರು. ಅವರ ತಾತ ಅರಮನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರಂತೆ. ಆ ವಿಷಯ ಪಠ್ಯದಲ್ಲಿ ಬಿಟ್ಟುಹೋಗಿದೆ ಎಂದು ಅವರೇ ಪ್ರತಿ ತರಗತಿಯಲ್ಲೂ ಸೇರಿಸುತ್ತಿದ್ದರು. ಅರಿಶಿನ ಬಣ್ಣಕ್ಕೆ ತಿರುಗಿದ ನೋಟ್ಸಿನಿಂದ ತಲೆ ಎತ್ತದೆ ಓದುತ್ತಿದ್ದ ಅವರ ಕನ್ನಡಕ್ಕಿಂತ ಇಂಗ್ಲಿಷೇ ವಾಸಿ ಅನ್ನಿಸುತ್ತಿತ್ತು. ನಮ್ಮನ್ನೂ ನೋಡುತ್ತಿರಲಿಲ್ಲ, ನಕ್ಷೆಯನ್ನೂ ನೋಡುತ್ತಿರಲಿಲ್ಲ. ಕೋಲನ್ನು ಸುಮ್ಮನೆ ಹಿಂದಕ್ಕೆ ಚಾಚಿದರೆ ಅದು ನೇರವಾಗಿ ಜೆರುಸಲೇಮಿನ ಮೇಲೆ ಹೋಗಿ ಕೂರುತ್ತಿತ್ತು. ಎಂಥಾ ಪಾಂಡಿತ್ಯ ಎಂದು ನಾವು ಬಾಯಿಬಿಟ್ಟು ನೋಡುತ್ತಿದ್ದೆವು. ನಕ್ಷೆ ತೂಗುಹಾಕುವ ಮೊಳೆಯನ್ನು ಅವರ ಭುಜದ ಅಳತೆಗೆ ಹೊಡೆಸಿದ್ದವಳು ನಿಂಗಮ್ಮಕ್ಕ ಎಂಬುದು ನನಗೆ ಆಮೇಲೆ ತಿಳಿಯಿತು. ನಕ್ಷೆಗಳನ್ನು ಅವಳು ಗುರುತು ಹಿಡಿಯುತ್ತಿದ್ದದ್ದು ಕಲೆಗಳಿಂದ. ಸಮುದ್ರದ ಮೇಲೆ ಮಸಿ ಚೆಲ್ಲಿದ್ದರೆ ಜೆರುಸಲೇಮು, ಮೂಲೆಯಲ್ಲಿ ಇಲಿ ಕಡಿದಿದ್ದರೆ ಅಶೋಕ ಚಕ್ರವರ್ತಿ.

ನಮ್ಮ ವಂಶದಲ್ಲೇ ಮೊದಲು ಡಿಗ್ರಿ ಮುಗಿಸಿದವಳು ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ. ಹೇಳಿಕೊಳ್ಳುವಷ್ಟು ಕಷ್ಟ ಪಟ್ಟಿದ್ದೇನೆ. ನಂಜನಗೂಡು ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ಕೂತರೆ “ಉತ್ತರಾಧಿಕಾರ ವಿವಾದ”, “ಸಹಪ್ರಭುತ್ವ” ಎಂಬ ಪದಗಳು ತಲೆಯ ಮೇಲಿಂದ ಹಾರಿ ಕಿಟಕಿಯಿಂದಾಚೆ ಹೋಗುತ್ತಿದ್ದವು. ಅವನ್ನು ಹಿಡಿದು ತಂದು ಮಧ್ಯಾಹ್ನ ಬುತ್ತಿಯ ಜೊತೆ ಬಡಿಸುತ್ತಿದ್ದವಳು ನಿಂಗಮ್ಮಕ್ಕ.

“ಅಪ್ಪಂಗೆ ನಾಕು ಎಣ್ಮಕ್ಳು. ಗಂಡಿಲ್ಲ. ಇವ್ಳೇ ದೊಡ್ಡೋಳು. ರಾಜ್ಯ ನಿಂದೇ ಕಣಮ್ಮ ಅಂದ. ಅಂದ್ಬುಟ್ಟು, ಎದ್ಕೂ ಇರ್ಲಿ ಅಂತ ದೂರದಿಂದ ಒಂದ್ ಗಂಡು ತಂದು ಕಟ್ದ. ಬಂದೋನು ಎಲ್ಲಾ ನಂದೇ ಅಂದ. ಅವಳ ಕಡೆಯೋರು ತಿರುಗಿಬಿದ್ರು ನೋಡು, ಆಮ್ಯಾಕೆ ಇವಳ್ನ ಕೇಳ್ದೆ ಒಂದ್ ಲೋಟ ನೀರೂ ಕುಡೀತಿರ್ನಿಲ್ಲ ಪುಣ್ಯಾತ್ಮ.”

ಇದನ್ನೇ ಕೊಂಚ ಇಸ್ತ್ರಿ ಮಾಡಿ ಕಿರುಪರೀಕ್ಷೆಯಲ್ಲಿ ಬರೆದೆ. ತರಗತಿಗೇ ಹೆಚ್ಚು ಅಂಕ. ಮೊಲದ ಪಕ್ಕದಲ್ಲಿ ಮಾತ್ರ ಕೆಂಪು ಶಾಯಿಯಲ್ಲಿ “ಇದಕ್ಕೆ ಮೂಲ ಯಾವುದು?” ಎಂದು ಪ್ರೊಫೆಸರು ಕೇಳಿದ್ದರು. ತಾವೇ ಓದಿದ್ದನ್ನು ಅವರು ಕೇಳಿಸಿಕೊಂಡಿರಲಿಲ್ಲ. ಮೂಲ ಬಾಗಿಲಾಚೆ ಸ್ಟೂಲಿನ ಮೇಲೆ ಕೂತಿತ್ತು.

ಕಥೆಯ ಕೊನೆ ಮಾತ್ರ ಅವಳಿಗೂ ಗೊತ್ತಿರಲಿಲ್ಲ. ಗಂಡ ಸತ್ತ ಮೇಲೆ ರಾಣಿ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಳಿದಳು. ಮಗ ದೊಡ್ಡವನಾಗಿ, ಇನ್ನು ನನಗೆ ಬಿಡು ಎಂದ. ಅವಳು ಬಿಡಲಿಲ್ಲ, ಕೋಟೆ ಹೊಕ್ಕಳು. ಮಗ ಸುತ್ತ ದಂಡು ನಿಲ್ಲಿಸಿದ. ಅಷ್ಟಕ್ಕೆ ಬೆಲ್ಲು. ಮರುದಿನ ಪ್ರೊಫೆಸರು ಬೇರೆ ಅಧ್ಯಾಯಕ್ಕೆ ಹೋಗುತ್ತಿದ್ದರು. “ವರ್ಸಾವರ್ಸ ಅಲ್ಲೇ ಬೆಲ್ಲು ಕಣವ್ವ. ಅವಳು ಕ್ವಾಟೆ ಒಳ್ಗೇ ಕುಂತವ್ಳೆ ಇನ್ನೂವೆ.”

ನಿಂಗಮ್ಮಕ್ಕನಿಗೂ ಒಬ್ಬ ಮಗ, ಮಹೇಶ. ಅವಳೇ ಯಾರ್‍ಯಾರಿಗೋ ಕೈಮುಗಿದು ಅದೇ ಕಾಲೇಜಿಗೆ ಹಂಗಾಮಿಯಾಗಿ ಸೇರಿಸಿದ್ದಳು. ನಾನು ಕೊನೆಯ ವರ್ಷದಲ್ಲಿದ್ದಾಗ ಅವನಿಗೆ ಮದುವೆ ಗೊತ್ತಾಯಿತು. ಕಾಯಂ ನೌಕರಿ ಇದ್ದರೆ ಮಾತ್ರ ಹೆಣ್ಣು ಎಂದರು ಬೀಗರು. ತಾಯಿ ಜಾಗ ಬಿಟ್ಟರೆ ಮಗನಿಗೆ ಕೊಡೋಣ ಎಂದಿತು ಆಡಳಿತ ಮಂಡಳಿ, ದೊಡ್ಡ ಮನಸ್ಸು ಮಾಡಿ. ಅವಳ ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು.

ರಾಜೀನಾಮೆ ಬರೆಸಿಕೊಳ್ಳಲು ಅವಳು ಬಂದದ್ದು ನನ್ನ ಹತ್ತಿರ. ಬೇಡ ಅನ್ನಬೇಕಿತ್ತು. ಆದರೆ ನನ್ನ ಅಕ್ಷರವನ್ನು ಒಬ್ಬರು ಕೇಳಿಕೊಂಡು ಬಂದಿದ್ದರಲ್ಲ, ಹಿಗ್ಗಿಹೋದೆ. ಅಂಚು ಮಡಚಿ, ಮೇಲೆ ಗೆರೆ ಎಳೆದು, ಪ್ರೊಫೆಸರರೇ ನಾಚುವಂತೆ ಬರೆದು ಓದಿ ತೋರಿಸಿದೆ.

“ಸ್ವಇಚ್ಛೆಯಿಂದ ಅಂದ್ರೆ ಏನವ್ವ?”

“ನಿಮ್ಮ ಸ್ವಂತ ಆಸೆಯಿಂದ ಅಂತ ನಿಂಗಮ್ಮಕ್ಕ.”

“ಓಹೋ. ನನ್ ಆಸೆ ಏನೂಂತ ನಿಂಗೆ ಯಾವತ್ತು ಯೋಳಿದ್ದೆ?”

ನಾನು ಕಾಗದದ ಮಡಿಕೆಯನ್ನು ಇನ್ನೊಮ್ಮೆ ತೀಡಿದೆ. ಅವಳೇ ನಕ್ಕು, “ಬುಡು, ಅಕ್ಷರ ಚೆನ್ನಾಗದೆ” ಎಂದು ಕಾಗದ ಇಸಿದುಕೊಂಡು, ನಿಂಗಮ್ಮ ಎಂದು ಮೂರು ಅಕ್ಷರ ಕೊರೆದಳು. ಅವಳಿಗೆ ಬರುತ್ತಿದ್ದ ಬರವಣಿಗೆ ಅಷ್ಟೇ. ಅದೂ ಆ ಕಾಗದಕ್ಕೆ ಖರ್ಚಾಯಿತು.

ಬೀಗದ ಕೈ ಗೊಂಚಲು ಮಹೇಶನ ಸೊಂಟಕ್ಕೆ ಹೋಯಿತು. ತಿಂಗಳಾಗಿರಲಿಲ್ಲ, ಕಿರಿಯರ ತರಗತಿಯಲ್ಲಿ ಜೆರುಸಲೇಮಿನ ಪಾಠ ಬಂತು. ಮಹೇಶ ಎಸ್ಸೆಸ್ಸೆಲ್ಸಿ ಓದಿದ್ದ; ಕಲೆ ನೋಡಿ ಗುರುತು ಹಿಡಿಯುವ ಗ್ರಹಚಾರ ಅವನಿಗಿರಲಿಲ್ಲ. ಸುರುಳಿಯ ಬೆನ್ನಿಗೆ ಯಾವ ಕಾಲದಲ್ಲೋ ಅಂಟಿಸಿದ್ದ ಚೀಟಿ ಓದಿ ತಂದು ತೂಗುಹಾಕಿದ. ಚೀಟಿ ಜೆರುಸಲೇಮಿನದು, ನಕ್ಷೆ ಕರ್ನಾಟಕದ ನದಿಗಳದು. ಪ್ರೊಫೆಸರು ಎಂದಿನಂತೆ ತಿರುಗದೆ ಕೋಲು ಚಾಚಿ, “ಪವಿತ್ರ ನಗರಿ ಇದೇ. ರಾಣಿ ಆಶ್ರಯ ಪಡೆದ ಗೋಪುರವೂ ಇಲ್ಲೇ” ಎಂದರು.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. “ಸಾರ್, ಅದು ಟಿ. ನರಸೀಪುರ ಸಾರ್. ನಮ್ಮೂರು. ಗೋಪುರ ಐತೆ, ರಾಣಿ ಇಲ್ಲ ಸಾರ್.”

ನಗುವಿನ ಸದ್ದು ಪಕ್ಕದ ಲೈಬ್ರರಿಯಲ್ಲಿದ್ದ ನನಗೂ ಕೇಳಿಸಿತು. ಎದ್ದು ಬಂದೆ. ಪ್ರೊಫೆಸರು ಕೋಲು ಹಿಡಿದುಕೊಂಡೇ ಹೊರಗೆ ಬಂದು ಖಾಲಿ ಸ್ಟೂಲನ್ನು ನೋಡುತ್ತಿದ್ದರು. “ನಿಂಗಮ್ಮ ಎಲ್ಲಿ?” ಎಂದರು. ಅವರ ಬಾಯಲ್ಲಿ ಆ ಹೆಸರನ್ನು ಅದೇ ಮೊದಲು ಕೇಳಿದ್ದು. ಅಲ್ಲಿಯವರೆಗೆ ಅವಳ ಹೆಸರು “ಏಯ್, ಮ್ಯಾಪು” ಎಂದಿತ್ತು.

ಅವರೇ ಪ್ರಿನ್ಸಿಪಾಲರಿಗೆ ಹೇಳಿ ಅವಳನ್ನು ವಾಪಸು ಕರೆಸಿದರು. ಕಾಲೇಜು ನ್ಯಾಯವಾಗಿ ನಡೆದುಕೊಂಡಿತು: ಮಗ ಕಾಯಂ, ತಾಯಿ ಹಂಗಾಮಿ. ನಕ್ಷೆಗಳನ್ನಿಡುವ ಕಿಟಕಿಯಿಲ್ಲದ ಕತ್ತಲೆ ಕೋಣೆ, ಅದರದೊಂದೇ ಬೀಗದ ಕೈ ಅವಳ ಪಾಲಿಗೆ. ಮಹೇಶ ಮದುವೆಯಾಗಿ ರಾಮಕೃಷ್ಣನಗರದಲ್ಲಿ ಮಾವನ ಮನೆಯ ಮೇಲಿನ ಅಂತಸ್ತಿಗೆ ಹೋದ.

ನಾನೀಗ ಇನ್ನೊಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದು ಹೆಸರಿಟ್ಟದ್ದು ಯಾವಾಗ ಬೇಕಾದರೂ ಕಳಿಸಬಹುದು ಎಂದು. ಹೋದ ವರ್ಷ ಪಾಠಕ್ಕೆಂದು ಓದುವಾಗ ಒಂದು ದಪ್ಪ ಪುಸ್ತಕದಲ್ಲಿ ರಾಣಿಯ ಕೊನೆ ಸಿಕ್ಕಿತು. ಆ ಭಾನುವಾರವೇ ಅಶೋಕಪುರಂಗೆ ಹೋದೆ. ನಿಂಗಮ್ಮಕ್ಕ ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಎಡಗೈ ಏಳುತ್ತಿರಲಿಲ್ಲ. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

“ರಾಣಿ ಕೋಟೆಯಿಂದ ಆಚೆ ಬಂದಳು ನಿಂಗಮ್ಮಕ್ಕ. ರಾಜಿ ಆಯ್ತು. ಜೆರುಸಲೇಮು ಮಗನಿಗೆ. ಅವಳಿಗೆ ನಾಬ್ಲಸ್ ಅಂತ ಒಂದು ಊರು ಬಿಟ್ಟುಕೊಟ್ರು.”

“ಕಿಟ್ಕಿ ಇತ್ತಾ ಅದ್ಕೆ?”

“ಇದ್ದಿರಬೇಕು. ಆಮೇಲೆ ಮಗ ಅವಳನ್ನ ಕೇಳಿಕೊಂಡೇ ಕೆಲಸ ಮಾಡ್ತಿದ್ದ. ಕೊನೆಗೆ ಕಾಯಿಲೆ ಬಿದ್ದು ಬಹಳ ದಿನ ಮಲಗಿದ್ಲು. ತಂಗಿಯರು ನೋಡಿಕೊಂಡ್ರು.”

ಗಂಜಿ ಆರಿಸುತ್ತಿದ್ದ ತಂಗಿಯ ಕಡೆ ಅವಳು ಒಮ್ಮೆ ನೋಡಿದಳು.

“ಮಗ ನೋಡಾಕ್ ಬಂದಿದ್ನಾ?”

“ಅವಳು ಹೋದ ಸುದ್ದಿ ಕೇಳಿ ಎಷ್ಟೋ ದಿನ ಅತ್ತನಂತೆ.”

“ಸತ್ ಮ್ಯಾಲೆ ಯಾರ್ ಬೇಕಾದ್ರೂ ಅಳ್ತರೆ. ಬಂದಿದ್ನಾ ಅಂದೆ.”

ಸುಳ್ಳು ಹೇಳಬಹುದಿತ್ತು. ಆದರೆ ಒಮ್ಮೆ ಅವಳ ಪರವಾಗಿ ಸುಳ್ಳು ಬರೆದು ಆಗಿತ್ತು. “ಪುಸ್ತಕದಲ್ಲಿ ಅದನ್ನ ಬರೆದಿಲ್ಲ ನಿಂಗಮ್ಮಕ್ಕ” ಎಂದೆ.

ಅವಳು ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿದಳು. ಅದೇ ನಮ್ಮ ಕೊನೆಯ ಭೇಟಿ ಎಂದು ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತೋ ಏನೋ. ಆಮೇಲೆ ನನ್ನ ಕೈ ತಟ್ಟಿ, ನನಗೇ ಸಮಾಧಾನ ಹೇಳುವವಳಂತೆ ಅಂದಳು:

“ಬಂದಿರ್ತನೆ ಬುಡು. ಬರ್ಯೋನು ಆವಾಗ ಊಟಕ್ಕೋಗಿದ್ನೇನೋ.”