ಮರಿ ಹಿಂಬಾಲಿಸಿದ ದೋಣಿ

ಮೊಣಕಾಲು ನೋವಿಗೆಂದು ಡಾಕ್ಟರು ಬರೆದುಕೊಟ್ಟ ಮೀನೆಣ್ಣೆಯ ಗುಳಿಗೆಯೊಂದು ಹೋದ ವಾರ ನನ್ನ ಬೆರಳುಗಳ ನಡುವೆ ಒಡೆದುಹೋಯಿತು. ಸೋಪು ಹಚ್ಚಿ ತೊಳೆದೆ, ಸೀಗೆಪುಡಿ ಹಾಕಿ ಉಜ್ಜಿದೆ, ಹೋಗಲಿಲ್ಲ. ಊಟಕ್ಕೆ ಕುಳಿತಾಗಲೂ ಕೈ ಬಾಯಿಯ ಹತ್ತಿರ ಬಂದರೆ ಅದೇ ವಾಸನೆ... ತಟ್ಟೆ ಸರಿಸಿ ಎದ್ದುಬಿಟ್ಟೆ. "ಯಾಕತ್ತೆ, ಏನಾತು?" ಎಂದು ಸೊಸೆ ಗಾಬರಿಯಾದಳು. ಏನೆಂದು ಹೇಳಲಿ? ಆ ವಾಸನೆ ನನ್ನ ಪಾಲಿಗೆ ಎಣ್ಣೆಯದಲ್ಲ, ಹಾಲಿನದು. ಅದು ನೆನಪಾದರೆ ನಮ್ಮ ಮೇಡಂ ನೆನಪಾಗುತ್ತಾರೆ.

ಎಪ್ಪತ್ತರ ದಶಕದ ನಡುವಿನ ಮಾತು. ಅಪ್ಪ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತರಾಗಿದ್ದರು. ನಾನು ಪಿಯುಸಿ ಮುಗಿಸಿ ಚಿತ್ರದುರ್ಗದ ಕಾಲೇಜಿಗೆ ಬಿಎಸ್ಸಿ ಸೇರಲು ಕಾಯುತ್ತಿದ್ದೆ. ಒಂದು ಮಧ್ಯಾಹ್ನ ಅಪ್ಪನಿಗೆ ಬುತ್ತಿ ಕೊಡಲು ಹೋದರೆ ಪ್ಲಾಟ್‌ಫಾರ್ಮಿನಲ್ಲಿ ಜನ ಮೂಗು ಮುಚ್ಚಿಕೊಂಡು ಗುಂಪುಗೂಡಿದ್ದರು. ಹುಬ್ಬಳ್ಳಿ ಕಡೆಯಿಂದ ಬಂದ ಗಾಡಿಯಿಂದ ಇಳಿಸಿದ ಒಂದು ತಗಡಿನ ಟ್ರಂಕು. ಅದರ ಮೂಲೆಯಿಂದ ಕಂದು ನೀರು ಜಿನುಗುತ್ತಿತ್ತು. ಪಕ್ಕದಲ್ಲಿ ಎತ್ತರದ, ಕಪ್ಪನೆಯ ಹೆಂಗಸೊಬ್ಬರು ಚಿತ್ರದುರ್ಗದ ಗಾಡಿಗಾಗಿ ಕಾಯುತ್ತ ಆರಾಮವಾಗಿ ನಿಂತಿದ್ದರು.

"ಏನೈತಮ್ಮ ಇದ್ರಾಗೆ? ಹೆಣ ಗಿಣ ಇಟ್ಟೀಯೇನು?" ಎಂದು ಪೊಲೀಸಿನವನು ಗದರಿದ.

"ಹೆಣನೇ ಐತೆ ಕಣ್ರಿ. ಆದ್ರೆ ಮನುಷ್ಯರದ್ದಲ್ಲ," ಎಂದು ಆಕೆ ಟ್ರಂಕಿನ ಮುಚ್ಚಳ ತೆಗೆದೇಬಿಟ್ಟರು.

ಗುಂಪು ಹಿಂದಕ್ಕೆ ಸರಿಯಿತು. ಉಪ್ಪಿನ ರಾಶಿಯಲ್ಲಿ ಉದ್ದ ಮೂತಿಯ ಒಂದು ತಲೆ. ಸಣ್ಣ ಸಣ್ಣ ಹಲ್ಲುಗಳು. ಸತ್ತಿದ್ದರೂ ನಗುತ್ತಿರುವಂತಿದ್ದ ಬಾಯಿ. ನಮ್ಮ ಬಯಲು ಸೀಮೆಯ ಜನ ಅಂಥದ್ದನ್ನು ಎಲ್ಲಿ ನೋಡಬೇಕು! ಅದು ಡಾಲ್ಫಿನ್ ಎಂದೂ, ಸಮುದ್ರದಲ್ಲಿದ್ದರೂ ಮೀನಲ್ಲವೆಂದೂ, ನಮ್ಮ ಹಾಗೆ ಉಸಿರಾಡುತ್ತದೆ, ಮರಿ ಹಾಕಿ ಹಾಲೂಡಿಸುತ್ತದೆ ಎಂದೂ ಆಕೆ ಅಲ್ಲೇ ನಿಂತು ಪಾಠ ಮಾಡಿದರು. ಅಪ್ಪ ಗೋಣಿಚೀಲ ತರಿಸಿ ಟ್ರಂಕಿಗೆ ಸುತ್ತಿಸಿ ಗಾಡಿ ಹತ್ತಿಸಿದರು. ಕಾಲೇಜು ಶುರುವಾದ ದಿನ ಪ್ರಾಣಿಶಾಸ್ತ್ರದ ತರಗತಿಗೆ ಮೇಡಂ ಆಗಿ ಬಂದವರು ಅದೇ ಹೆಂಗಸು.

ಮೇಡಂ ಹಿರಿಯೂರು ಕಡೆಯ ಕುರಿಗಾರರ ಮನೆಯವರು. ಮದುವೆಯಾಗಿರಲಿಲ್ಲ. ಕೋಟೆಯ ತಪ್ಪಲಲ್ಲಿ ಅವರದೊಂದು ಬಾಡಿಗೆ ಮನೆ. ಹಿತ್ತಲಿನ ಬಂಡೆಯ ಮೇಲೆ ಬೇರೆಯವರು ಸಂಡಿಗೆ ಒಣಹಾಕಿದರೆ ಇವರು ಡಾಲ್ಫಿನ್ ಮೂಳೆ ಒಣಹಾಕುತ್ತಿದ್ದರು. ರಜೆ ಬಂದಾಗಲೆಲ್ಲ ಕರಾವಳಿಗೆ ಹೋಗಿ, ಬಲೆಗೆ ಸಿಕ್ಕು ಸತ್ತವನ್ನು ಹುಡುಕಿ ತರುವುದು ಅವರ ಕೆಲಸ. ಹೊಟ್ಟೆಯೊಳಗೆ ಸಿಕ್ಕಿದ್ದನ್ನು ನೋಡಿ ಏನು ತಿನ್ನುತ್ತಿತ್ತೆಂದು ತಿಳಿಯುವರು. ಹಲ್ಲನ್ನು ತೆಳುವಾಗಿ ಸೀಳಿ, ಮರದ ಕಾಂಡದಲ್ಲಿ ಸುತ್ತು ಎಣಿಸುವ ಹಾಗೆ, ಅದರ ವಯಸ್ಸು ಹೇಳುವರು. ಆಗಷ್ಟೇ ನೈಲಾನ್ ಬಲೆಗಳು ಬಂದಿದ್ದವು. ಹುಟ್ಟುವ ಮರಿಗಳಿಗಿಂತ ಬಲೆಯಲ್ಲಿ ಸಾಯುವವು ಹೆಚ್ಚಾದರೆ ಆ ಜಾತಿಯೇ ಅಳಿದುಹೋಗುತ್ತದೆ, ಅದನ್ನು ಯಾರಾದರೂ ಮೊದಲೇ ಹೇಳಬೇಕಲ್ಲ ಎಂಬುದು ಅವರ ಚಿಂತೆ. "ಮಂದ್ಯಾಗೆ ಎಷ್ಟವೆ ಅಂತ ಗೊತ್ತಿಲ್ದಲೆ ಹೆಂಗಮ್ಮ ಕಾಯ್ತೀಯ?" ಎನ್ನುತ್ತಿದ್ದರು.

ಎರಡನೆಯ ವರ್ಷದ ದಸರಾ ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಹೋದರು. ಅಪ್ಪ ಒಪ್ಪಿದ್ದು ಮೇಡಂ ಮೇಲಿನ ನಂಬಿಕೆಯಿಂದ. ನಾನು ಸಮುದ್ರ ನೋಡಿದ್ದು ಅದೇ ಮೊದಲು.

ನದಿ ಕಡಲು ಸೇರುವಲ್ಲಿ ಒಂದು ಸಣ್ಣ ಮೀನುಗಾರರ ಕೇರಿ. ಅಲ್ಲಿನ ಒಬ್ಬ ಮುದುಕ ಮೇಡಂ ಅವರನ್ನು ಮಗಳಂತೆ ಕಾಣುತ್ತಿದ್ದ. ಸತ್ತ ಡಾಲ್ಫಿನ್ ಸಿಕ್ಕರೆ ಎಸೆಯದೆ ಅವರಿಗಾಗಿ ಉಪ್ಪು ಹಾಕಿ ಇಡುತ್ತಿದ್ದವನು ಅವನೇ. ಟ್ರಂಕು ನಾರಿ ಚಿಕ್ಕಜಾಜೂರಿನಲ್ಲಿ ಪೊಲೀಸರು ಬಂದ ಕಥೆಯನ್ನು ಮೇಡಂ ಹಿಂದಿನ ಸಲ ಅವನಿಗೆ ಹೇಳಿ ನಕ್ಕಿದ್ದರಂತೆ.

ನಾವು ಬಸ್ಸಿಳಿದು ದಂಡೆಗೆ ಬರುವಷ್ಟರಲ್ಲಿ ಮುದುಕ ಎದುರಿಗೇ ಬಂದ. ಮುಖದ ತುಂಬ ಸಂಭ್ರಮ.

"ಅಮ್ಮಾ, ನಿಮ್ಗೇ ಅಂತ ಹಿಡ್ದಿಟ್ಟಿದೇನೆ. ಸತ್ತದ್ದು ನಾತ ಬರ್ತದೆ ಅಂದಿದ್ರಲ್ಲ... ಈ ಸಲ ಜೀವಂತದ್ದೇ!"

ಮೇಡಂ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಓಡಿದರು.

ಮೊಣಕಾಲು ಮಟ್ಟದ ನೀರಿನಲ್ಲಿ, ಗೂಟಕ್ಕೆ ಬಾಲ ಕಟ್ಟಿಸಿಕೊಂಡು ಅದು ಮಲಗಿತ್ತು. ಬೂದು ಬಣ್ಣ, ಬೆನ್ನ ಮೇಲೊಂದು ದಿಣ್ಣೆ. ಹಗ್ಗ ಚರ್ಮದೊಳಗೆ ಇಳಿದಿತ್ತು. ತಲೆಯ ಮೇಲಿನ ಉಸಿರಿನ ತೂತು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಬಹಳ ಹೊತ್ತಿಗೊಮ್ಮೆ. ಮೇಡಂ ಸೀರೆ ಸಮೇತ ನೀರಿಗಿಳಿದು ಹಗ್ಗ ಕುಯ್ದರು. ನಾನೂ ಇಳಿದೆ. ಇಬ್ಬರೂ ಸೇರಿ ಆಳದ ಕಡೆಗೆ ತಳ್ಳಿದೆವು. ಅದು ಈಜಲಿಲ್ಲ. ಒಂದು ಪಕ್ಕಕ್ಕೆ ವಾಲಿತು. ಮತ್ತೆ ಎತ್ತಿ ಹಿಡಿದೆವು. ಒಂದು ದೊಡ್ಡ ಉಸಿರು ನನ್ನ ಕೆನ್ನೆಗೆ ಬೆಚ್ಚಗೆ ತಾಗಿತು... ಆಮೇಲೆ ಉಸಿರಿಲ್ಲ.

ಹೊಟ್ಟೆಯ ಕೆಳಗಿದ್ದ ನನ್ನ ಕೈ ಜಿಡ್ಡು ಜಿಡ್ಡಾಯಿತು. ನೋಡಿದರೆ ನೀರಿನಲ್ಲಿ ಬಿಳಿಯದೇನೋ ಮೋಡದಂತೆ ಹರಡುತ್ತಿತ್ತು. ಹಾಲು. ಗಟ್ಟಿಯಾದ, ಮೀನೆಣ್ಣೆಯ ವಾಸನೆಯ ಹಾಲು.

ಮೇಡಂ ಥಟ್ಟನೆ ತಲೆಯೆತ್ತಿ ಕಡಲ ಕಡೆ ನೋಡಿದರು. ಸ್ವಲ್ಪ ದೂರದಲ್ಲಿ ಒಂದು ಪುಟ್ಟ ಬೆನ್ನು ಮೇಲೆದ್ದು ಮುಳುಗಿತು. ಮತ್ತೆ ಎದ್ದಿತು. ಅತ್ತ ಹೋಗದೆ, ಇತ್ತ ಬರದೆ ಅಲ್ಲೇ ಸುತ್ತುತ್ತಿತ್ತು.

"ತಪ್ಪಾಯ್ತೇನಮ್ಮ?" ಎಂದ ಮುದುಕ.

"ನಿಂದಲ್ಲಪ್ಪ," ಎಂದರು ಮೇಡಂ. ಅಷ್ಟೇ. ಅವನನ್ನು ಒಂದು ಮಾತೂ ಬಯ್ಯಲಿಲ್ಲ.

ಕೊಯ್ಯಲು ಕತ್ತಿ ತರಲೇ ಎಂದು ಯಾರೋ ಕೇಳಿದರು. ಮೇಡಂ ತಲೆಯಲ್ಲಾಡಿಸಿ, ದೋಣಿ ತರಲು ಹೇಳಿದರು. ತಾಯಿಯ ದೇಹಕ್ಕೆ ಹಗ್ಗ ಕಟ್ಟಿ ದೋಣಿಯ ಹಿಂದೆ ಎಳೆಯಬೇಕು ಎಂದರು. ಯಾರಿಗೂ ಅರ್ಥವಾಗಲಿಲ್ಲ. ದೋಣಿ ಹತ್ತಿದ ಮೇಲೆ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಅಡವ್ಯಾಗೆ ಕುರಿ ಸತ್ರೆ ಮರಿ ಅದನ್ನ ಬಿಟ್ಟು ಬರಾಕಿಲ್ಲ ಕಣೇ. ನಮ್ಮಪ್ಪ ಸತ್ತ ಕುರೀನ ಹೆಗಲ ಮ್ಯಾಲೆ ಹೊತ್ಕಂಡು ಮುಂದೆ ನಡೆಯೋನು. ಮರಿ ಹಿಂದೆ ಬರೋದು. ಮಂದೆ ಸಿಗಾಗಂಟ ಹಂಗೇ ನಡೆಯೋನು."

ಮುದುಕ ಮತ್ತು ಅವನ ಮಗ ಹುಟ್ಟು ಹಾಕಿದರು. ನಾವಿಬ್ಬರೂ ಹಿಂದಕ್ಕೆ ತಿರುಗಿ ಕುಳಿತೆವು. ಮರಿ ನಿಜವಾಗಿಯೂ ಬಂತು. ಮೊದಲು ದೂರದಲ್ಲಿ, ಆಮೇಲೆ ತಾಯಿಯ ಪಕ್ಕಕ್ಕೇ. ಮೂತಿಯಿಂದ ಅದರ ಹೊಟ್ಟೆ ತಿವಿಯುತ್ತಿತ್ತು. ಅದರ ಬೆನ್ನಿನ ರೆಕ್ಕೆಯ ತುದಿ ಬಲೆಗೆ ಸಿಕ್ಕಿಯೋ ಏನೋ ಹರಿದಿತ್ತು. ಆಗಾಗ ಒಂದು ಸಣ್ಣ ಸಿಳ್ಳೆಯಂಥ ಸದ್ದು. ಮೇಡಂ ಆ ಸದ್ದಿಗೊಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿದ್ದರು.

ದಂಡೆ ಗೆರೆಯಾಗುವಷ್ಟು ದೂರ ಹೋದ ಮೇಲೆ ಮುದುಕ ಕೈ ತೋರಿಸಿದ. ಒಂದಷ್ಟು ಬೆನ್ನುಗಳು ಒಟ್ಟಾಗಿ ಎದ್ದು ಮುಳುಗುತ್ತಿದ್ದವು. ಹಿಂಡು. ಇನ್ನೂ ಹತ್ತಿರ ಹೋಗಿ ಮೇಡಂ ತಾವೇ ಹಗ್ಗ ಕುಯ್ದರು. ತಾಯಿಯ ದೇಹ ನಿಧಾನವಾಗಿ ಕೆಳಗಿಳಿಯಿತು. ಮರಿ ಒಂದು ಕ್ಷಣ ಮೇಲೆ ನಿಂತಿತು. ಆಮೇಲೆ ಅದರ ಹಿಂದೆಯೇ ಮುಳುಗಿತು.

ಕಾದೆವು. ಹಿಂಡು ನಮ್ಮ ದೋಣಿಯ ಸುತ್ತ ಹಾದು ಹೋಯಿತು. ಅದರಲ್ಲಿ ಮರಿಗಳೂ ಇದ್ದವು. ಆದರೆ ರೆಕ್ಕೆ ಹರಿದದ್ದು... ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಬಂದಿತೋ ಇಲ್ಲವೋ ಯಾರಿಗೂ ಕಾಣಲಿಲ್ಲ.

ಆ ಸಲ ಟ್ರಂಕು ಖಾಲಿಯೇ ವಾಪಸು ಬಂತು. ಆಮೇಲೆ ಮೇಡಂ ಮೂಳೆ ತರಲಿಲ್ಲ. ಬಲೆಗೆ ಬಿದ್ದದ್ದು ಉಸಿರಾಡುತ್ತಿದ್ದರೆ ಬಿಟ್ಟುಬಿಡಿ ಎಂದು ಕೇರಿ ಕೇರಿ ತಿರುಗಿ ಹೇಳಿದರು. ಮುದುಕ ಅವರ ಜೊತೆಗೇ ತಿರುಗಿದ. ರಜೆ ಪೂರ್ತಿ ದೋಣಿಯಲ್ಲಿ ಕುಳಿತು, ಬದುಕಿರುವವುಗಳ ಬೆನ್ನಿನ ರೆಕ್ಕೆ ನೋಡಿ ಒಂದೊಂದನ್ನೂ ಗುರುತು ಹಿಡಿದು ಚಿತ್ರ ಬರೆದುಕೊಳ್ಳತೊಡಗಿದರು. ಕಾಲೇಜಿನಲ್ಲಿ ಕೆಲವರು ನಕ್ಕರು. ಅವರಿಗೆ ಅದರ ಗೊಡವೆಯಿರಲಿಲ್ಲ. ಆದರೆ ಪಾಠದ ನಡುವೆ ಕಿಟಕಿಯಾಚೆ ಕುರಿಮಂದೆ ಹಾದುಹೋದರೆ ಮಾತು ನಿಲ್ಲಿಸಿಬಿಡುತ್ತಿದ್ದರು. ಸೀಮೆಸುಣ್ಣ ಹಲಗೆಯ ಮೇಲೆ ಇಟ್ಟಲ್ಲೇ ಇರುತ್ತಿತ್ತು. ಮಂದೆ ದೂರವಾದ ಮೇಲೆಯೇ ಮುಂದಿನ ಅಕ್ಷರ. ಒಮ್ಮೆ ಚಂದ್ರವಳ್ಳಿಗೆ ತರಗತಿಯನ್ನೆಲ್ಲ ಕರೆದೊಯ್ದಿದ್ದಾಗ ಕೆರೆಯ ದಂಡೆಯಲ್ಲಿ ನನ್ನ ಕೈ ಹಿಡಿದು, "ಸಿಳ್ಳೆ ಕೇಳ್ತಲ್ಲೇನೇ?" ಎಂದರು. ನನಗೆ ಗಾಳಿ ಮಾತ್ರ ಕೇಳಿತ್ತು.

ನನಗೆ ಹೊಸದುರ್ಗದಲ್ಲಿ ಶಾಲೆಯ ಕೆಲಸ ಸಿಕ್ಕ ವರ್ಷ, ಚಿಕ್ಕಜಾಜೂರಿನ ಪ್ಲಾಟ್‌ಫಾರ್ಮಿನಲ್ಲೇ ಅವರು ಮತ್ತೆ ಸಿಕ್ಕರು. ಸೊರಗಿದ್ದರು. ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದರು.

"ಸಿಕ್ತಾ ಮೇಡಂ?" ಎಂದೆ. ಯಾವ ಮರಿ ಎಂದು ಅವರು ಕೇಳಲಿಲ್ಲ.

"ಇಲ್ಲಮ್ಮ. ಸತ್ತಿದ್ದೂ ಸಿಕ್ಕಿಲ್ಲ," ಎಂದು ನಕ್ಕರು. "ಅದಕ್ಕೇ ಹೋಗ್ತಾ ಇರೋದು."

ಮರುವರ್ಷ ಕಾಮಾಲೆಯಾಗಿ ಹಿರಿಯೂರಿನಲ್ಲಿ ತೀರಿಕೊಂಡರಂತೆ. ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಶಾಲೆಯಲ್ಲಿದ್ದಷ್ಟು ವರ್ಷವೂ ಸಸ್ತನಿಗಳ ಪಾಠ ಬಂದಾಗ ಈ ಕಥೆ ಹೇಳುತ್ತಿದ್ದೆ. ಪ್ರತಿ ವರ್ಷವೂ ಯಾರಾದರೊಬ್ಬರು ಎದ್ದು ನಿಂತು, "ಮರಿ ಬದುಕ್ತಾ ಮಿಸ್?" ಎಂದು ಕೇಳೇ ಕೇಳುತ್ತಿದ್ದರು. "ಬದುಕ್ತು, ಹಿಂಡು ಸೇರ್ಕೊಂಡ್ತು," ಎನ್ನುತ್ತಿದ್ದೆ. ಮಕ್ಕಳು ಸಮಾಧಾನವಾಗಿ ಕುಳಿತುಕೊಳ್ಳುತ್ತಿದ್ದರು. ಎಷ್ಟು ಸಲ ಹೇಳಿದೆನೆಂದರೆ, ಈಗ ಕಣ್ಣು ಮುಚ್ಚಿದರೆ ಅದು ನೀರಿನಿಂದ ಮೇಲೆದ್ದದ್ದು ನನಗೆ ಕಾಣುತ್ತದೆ. ಕಂಡದ್ದೋ, ಹೇಳಿ ಹೇಳಿ ಕಟ್ಟಿಕೊಂಡದ್ದೋ ತಿಳಿಯುವುದಿಲ್ಲ. ಹೌದೋ ಅಲ್ಲವೋ ಎಂದು ಕೇಳೋಣವೆಂದರೆ, ಆ ದಿನ ನನ್ನ ಪಕ್ಕದಲ್ಲಿ ಕುಳಿತು ಅದೇ ನೀರನ್ನು ನೋಡುತ್ತಿದ್ದವರು ಇಲ್ಲ.