ಅಕ್ಕ ತೆರೆಯದ ಲ್ಯಾಪ್‌ಟಾಪ್

ನನ್ನ ಫೋನು, ನನ್ನ ಕಂಪ್ಯೂಟರು, ನಿಪ್ಪಾಣಿಯಲ್ಲಿರುವ ಅಕ್ಕನ ಲ್ಯಾಪ್‌ಟಾಪು, ಈ ಮೂರರಲ್ಲೂ ಒಂದೇ ಫೋಲ್ಡರ್ ಇರುವಂತೆ ನಾನೇ ಜೋಡಿಸಿದ್ದೆ. ಒಂದರಲ್ಲಿ ಹಾಕಿದ್ದು ಇಂಟರ್‌ನೆಟ್ ಮೂಲಕ ಉಳಿದೆರಡಕ್ಕೂ ತಾನಾಗಿ ಹೋಗುತ್ತಿತ್ತು. ಅವ್ವ ಬೀಡಿ ಕಟ್ಟುತ್ತ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹಾಡಿದ ಹಾಡುಗಳು ಅದರಲ್ಲಿದ್ದವು. ಈಗ ಆಕೆಗೆ ಹಾಡುವಷ್ಟು ಉಸಿರಿಲ್ಲ.

ಅಕ್ಕ ಮಾತ್ರ ಲ್ಯಾಪ್‌ಟಾಪನ್ನು ರೇಷ್ಮೆ ಸೀರೆಯ ಹಾಗೆ ಬಟ್ಟೆ ಸುತ್ತಿ ಕಪಾಟಿನಲ್ಲಿಡುತ್ತಿದ್ದಳು. "ವಾರಕ್ಕೊಮ್ಮೆಯಾದ್ರೂ ಚಾಲೂ ಮಾಡಬೇ" ಎಂದು ಬೈದು ಬೈದು ನನಗೆ ಸಾಕಾಗಿತ್ತು.

ಒಂದು ದಿನ ಫೋನಿನಲ್ಲಿ ಜಾಗವಿಲ್ಲವೆಂದು ಆ ಫೋಲ್ಡರನ್ನೇ ಅಳಿಸಿದೆ. ಉಳಿದೆಡೆ ಇರುತ್ತದಲ್ಲ ಎಂಬ ಧೈರ್ಯ. ಸಂಜೆ ನೋಡಿದರೆ ಕಂಪ್ಯೂಟರಿನಲ್ಲೂ ಇಲ್ಲ. ಹಾಕಿದ್ದರ ಹಾಗೆ ಅಳಿಸಿದ್ದೂ ಎಲ್ಲ ಕಡೆಗೂ ತಾನಾಗಿಯೇ ಹೋಗುತ್ತದೆಂದು ಈ ಜಾಣನಿಗೆ ಹೊಳೆದಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿ, ಲ್ಯಾಪ್‌ಟಾಪ್ ಯಾವಾಗ ತೆರೆದಿದ್ದೆ ಎಂದು ಕೇಳಿದೆ.

"ಯುಗಾದಿಯಿಂದ ಮುಟ್ಟಿಲ್ಲೋ. ಬೈಬ್ಯಾಡ, ಈಗ ಚಾಲೂ ಮಾಡ್ತೀನಿ."

"ಬ್ಯಾಡ! ಮುಟ್ಟಬ್ಯಾಡ!" ಎಂದು ಕೂಗಿ, ನಮ್ಮೂರು ಬೇಡಕಿಹಾಳದಿಂದ ನಿಪ್ಪಾಣಿಗೆ ಬೈಕ್ ಹತ್ತಿದೆ.

ಅಳಿಸಿದ್ದು ಇಲ್ಲಿಗೂ ಬರದಂತೆ ಮೊದಲು ಅವರ ಮನೆಯ ವೈಫೈ ಬಂದ್ ಮಾಡಿಸಿ ಲ್ಯಾಪ್‌ಟಾಪ್ ತೆರೆದೆ. ಹಾಡುಗಳೆಲ್ಲ ಇದ್ದವು. ಪೆನ್‌ಡ್ರೈವಿಗೆ ಇಳಿಸಿಕೊಂಡೆ.

"ಇನ್ನಮ್ಯಾಲೆ ವಾರಕ್ಕೊಮ್ಮೆ ಚಾಲೂ ಮಾಡ್ತೀನಪಾ," ಎಂದಳು ಅಕ್ಕ.

ನಾನು ಲ್ಯಾಪ್‌ಟಾಪಿಗೆ ನನ್ನ ಕೈಯಾರೆ ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟೆ.